ಮುಂಗುಸಿಯ ಮೊದಲನೇ ಭಾಗ

ಭಾವ ತೀರಿಕೊಂಡರೆಂದು ಮೊನ್ನೆ ಮೊಳಕಾಲ್ಮೂರಿನಿಂದ ಫೋನು ಬಂತು. ಅಯ್ಯೋ ಅನ್ನುವುದಕ್ಕೂ ಮುಂಚೆ ನನ್ನ ತಲೆಗೆ ಬಂದದ್ದು ಒಂದೇ ಯೋಚನೆ: ಪಾಪ, ಆ ಯಮಧರ್ಮರಾಯನ ಗತಿ ಏನಾಯಿತೋ! ಕೋಣ ಏರಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, "ಬಂದಂಥವರು ಧಾರು? ತಮ್ಮ ಸ್ಥಳವೇನು, ನಾಮಾಂಕಿತವೇನು, ಈ ಠಾವಿಗೆ ದಯಮಾಡಿಸಿದ ಕಾರಣವೇನು?" ಎಂದು ಕೇಳಿ, ಅವನ ಅಜ್ಜ ಮುತ್ತಜ್ಜಂದಿರವರೆಗೂ ವಿಚಾರಿಸಿಕೊಂಡೇ ಈ ಮನುಷ್ಯ ಹೊರಟಿರುತ್ತಾರೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಸ್ವಂತ ಭಾವ ಅಲ್ಲ ಬಿಡಿ. ಅವರ ಹೆಂಡತಿ ಪರಶುರಾಂಪುರದ ಕಡೆಯವರು, ನಮ್ಮೂರ ಹೆಣ್ಣುಮಗಳು. ಊರಿನ ಲೆಕ್ಕದಲ್ಲಿ ಅವರು ನನಗೆ ಅಕ್ಕ, ಇವರು ಭಾವ. ಮೊಳಕಾಲ್ಮೂರಿನಲ್ಲಿ ನಾನು ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಪಕ್ಕದ್ದೇ ಭಾವನ ವಿಡಿಯೋ ಹಾಲು. ನಡುವೆ ಒಂದು ತಗಡಿನ ಗೋಡೆ. ಭಾವ ಬಾಮೈದ ಎಂದ ಮೇಲೆ ಗೇಲಿ ಮಾಡುವ ಹಕ್ಕು ಹುಟ್ಟಿನಿಂದಲೇ ಬಂದದ್ದು, ಸತ್ತರೂ ಅದು ಹೋಗುವುದಿಲ್ಲ. ಆದ್ದರಿಂದ ಈಗಲೂ ನಾನು ಅವರನ್ನು ಸುಮ್ಮನೆ ಹೊಗಳುವವನಲ್ಲ.

ಅವರು ಹಳೇ ಬಯಲಾಟದ ಸಾರಥಿ. ಬಯಲಾಟದಲ್ಲಿ ಸಾರಥಿ ಎಂದರೆ ರಥ ಹೊಡೆಯುವವನಲ್ಲ. ರಂಗಕ್ಕೆ ಬಂದ ಪ್ರತಿಯೊಬ್ಬ ರಾಜನನ್ನೂ ರಾಕ್ಷಸನನ್ನೂ ನೀನು ಯಾರು ಎಂದು ಕೇಳಿ, ಅವನ ಹಿಂದಿನ ಕಥೆಯನ್ನೆಲ್ಲ ಅವನ ಬಾಯಿಂದಲೇ ಹೊರಗೆ ತೆಗೆಸುವವನು. ವೇಷ ಕಟ್ಟಿದವನು ಮಾತು ಮರೆತರೆ ಎತ್ತಿಕೊಡುವವನೂ ಅವನೇ. ಭಾವನಿಗೆ ಅದೆಷ್ಟು ಮೈಗಂಟಿತ್ತೆಂದರೆ, ವೇಷ ಇಲ್ಲದವರನ್ನೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೊಡಲು ಬಂದ ಕಂಡಕ್ಟರನ ಊರು, ಮನೆದೇವರು, ಮಾವನ ಮನೆ ಎಲ್ಲ ತಿಳಿದುಕೊಂಡ ಮೇಲೆಯೇ ತಾವು ಎಲ್ಲಿ ಇಳಿಯಬೇಕೆಂದು ಹೇಳುತ್ತಿದ್ದದ್ದು. ಅಷ್ಟರಲ್ಲಿ ಆ ಊರು ಹಿಂದೆ ಹೋಗಿರುತ್ತಿತ್ತು.

ನನಗೆ ಹೆಣ್ಣು ನೋಡಲು ಹೋದಾಗ ಹಿರಿಯರೊಬ್ಬರು ಇರಲಿ ಎಂದು ಇವರನ್ನು ಕರೆದುಕೊಂಡು ಹೋದೆ. ಬುದ್ಧಿ ಇಲ್ಲದ ಕೆಲಸ. ಹುಡುಗಿ ಚೆನ್ನಾಗಿದ್ದಳು, ನನ್ನ ಕಡೆ ಒಮ್ಮೆ ನೋಡಿ ನಕ್ಕಳು ಕೂಡ. ಭಾವ ಮಾತ್ರ ಹುಡುಗಿಯ ತಂದೆಯನ್ನು ಹಿಡಿದುಕೊಂಡು ಅವರ ತಾಯಿ ಯಾವ ಊರು, ತಾಯಿಯ ತಾಯಿ ಯಾವ ಊರು ಎಂದು ಅಗೆಯುತ್ತಾ ಹೋದರು. ಕೊನೆಗೆ ಗೌರಸಮುದ್ರದ ಹತ್ತಿರದ ಯಾವುದೋ ಹಟ್ಟಿಗೆ ಮುಟ್ಟಿ, ತೊಡೆ ತಟ್ಟಿ, "ಹಂಗಾದ್ರೆ ಈ ಹುಡುಗಿ ನಮ್ಮ ಹುಡುಗನಿಗೆ ವರಸೆಯಲ್ಲಿ ತಂಗಿ ಆಗ್ತಾಳೆ ಕಣ್ರಿ!" ಎಂದು ಸಂತೋಷದಿಂದ ಘೋಷಿಸಿದರು. ಕೇಸರಿಬಾತು ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು ಬಂದೆವು. ದಾರಿಯುದ್ದಕ್ಕೂ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ, ಅವರೇ ಮಾತಾಡುತ್ತಿದ್ದರಲ್ಲ!

ಇಂಥ ಬಾಯಿಯವರು ವಿಡಿಯೋ ಹಾಲಿನ ಒಳಗೆ ಹೋದರೆ ಮಾತ್ರ ಮೂಕ. ಬಯಲಾಟದ ಮೇಳ ಚೆದುರಿ, ರಾಜನ ವೇಷದವನು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಸೇರಿ, ಸ್ತ್ರೀವೇಷದವನು ಕುರಿ ಹಿಂದೆ ಹೋದ ಮೇಲೆ, ಭಾವ ಒಂದು ಹಳೇ ಶೇಂಗಾ ಗೋಡೌನನ್ನು ಬಾಡಿಗೆಗೆ ಹಿಡಿದು ದೊಡ್ಡ ಟೀವಿ ತಂದಿಟ್ಟರು. "ನಮ್ಮ ಆಟ ಕೊಂದೋನು ಇವ್ನೇ ಕಣೋ. ಇವನ್ನೇ ದುಡಿಸ್ಕೊಂಡು ತಿಂತೀನಿ" ಎಂದು ಟೀವಿಯ ತಲೆ ಮೇಲೆ ಒಂದು ಏಟು ಹಾಕಿದ್ದರು. ಮೊದಲ ದಿನ ಹೊಡೆದಾಟದ ಸಿನಿಮಾ ಹಾಕಿ, ಪಕ್ಕದಲ್ಲಿ ನಿಂತು ಒಬ್ಬೊಬ್ಬನೂ ಯಾರ ಮಗ ಎಂದು ವಿವರಿಸಲು ಹೋದರು. "ಏ ಕುಂತ್ಕೊಳ್ರೀ ಯಜಮಾನ್ರೇ, ಡಿಶುಂ ಡಿಶುಂ ಕೇಳ್ತಾ ಇಲ್ಲ" ಎಂದು ಪಡ್ಡೆಗಳು ಕೂಗಿದರು. ಕೂತರು. ಆಮೇಲೆ ವರ್ಷಗಟ್ಟಲೆ ಮೂಲೆಯ ಸ್ಟೂಲಿನ ಮೇಲೆ ಕೂತು ಬಟನ್ ಒತ್ತಿದ್ದೇ ಬಂತು.

ಹಾಲಿಗೆ ಕೆಟ್ಟ ಹೆಸರು ಬೇರೆ. ನ್ಯಾಯವಾಗಿ ಹೇಳಬೇಕೆಂದರೆ ಭಾವ ಹಾಕಿದ್ದು ಅಂಥದ್ದು ಒಂದೇ ಸಿನಿಮಾ, ಅದೂ ತಿಳಿಯದೆ. "ಕವರಿನ ಮೇಲೆ ಜಲಪಾತ ಇತ್ತು ಕಣೋ, ಪ್ರಕೃತಿ ಸೌಂದರ್ಯ ಅಂದ್ಕೊಂಡೆ." ಜಲಪಾತದ ಕೆಳಗೆ ಯಾರು ಯಾರು ಏನೇನು ಮಾಡುತ್ತಾರೆಂದು ಗೊತ್ತಾಗುವಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಆಮೇಲೆ ಎಷ್ಟೇ ದೇವರ ಸಿನಿಮಾ ಹಾಕಲಿ, ಪಡ್ಡೆ ಹುಡುಗರು ಬಂದು ಜಲಪಾತಕ್ಕೆ ಕಾಯುತ್ತಾ ಕೂರುತ್ತಿದ್ದರು. ಹೆಂಗಸರು ಆ ರಸ್ತೆಯಲ್ಲೇ ಸೆರಗು ಸರಿಮಾಡಿಕೊಂಡು ಬಿರಬಿರನೆ ದಾಟುತ್ತಿದ್ದರು.

ಅಕ್ಕನಂತೂ ಹಾಲಿನ ಹೊಸ್ತಿಲು ತುಳಿದವರೇ ಅಲ್ಲ. ಊಟದ ಡಬ್ಬಿಯನ್ನು ನನ್ನ ಅಂಗಡಿಯಲ್ಲಿಟ್ಟು, "ತಮ್ಮಾ, ನಿಮ್ ಭಾವುಂಗೆ ಕೊಟ್ಬಿಡು" ಎಂದು ಹೋಗುತ್ತಿದ್ದರು. ಗಂಡ ಹತ್ತು ಹೆಜ್ಜೆ ಆಚೆ ಇದ್ದರೂ ಅಷ್ಟೇ. ಸಾರಥಿಯನ್ನು ಒಪ್ಪಿ ಮದುವೆಯಾದ ಹೆಂಗಸು ಆಕೆ. ನಮ್ಮೂರಿಗೆ ಬಯಲಾಟ ಬಂದಾಗ ಊರ ಹುಡುಗಿಯರೆಲ್ಲ ಕಿರೀಟ ಭುಜಕೀರ್ತಿಯವನನ್ನು ನೋಡುತ್ತಿದ್ದರೆ ಅಕ್ಕ ಮಾತ್ರ ಪಕ್ಕದಲ್ಲಿ ಬರೀ ರುಮಾಲು ಸುತ್ತಿ ನಿಂತವನನ್ನು ನೋಡಿದರಂತೆ. "ರಾಜನ ವೇಷದೋನು ಬರೀ ಕುಣೀತಿದ್ದ ಕಣೋ. ಅವನು ಯಾವ ದೇಶದ ರಾಜ ಅನ್ನೋದೂ ಇವರೇ ನೆನಪು ಮಾಡ್ಬೇಕಾಗಿತ್ತು" ಎಂದು ನಗುತ್ತಿದ್ದರು. ವಿಡಿಯೋ ಹಾಲಿನ ಮಾತು ಬಂದರೆ ಆ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಭಾವನಿಗೆ ಇದೇ ಕೊರಗು. ಚಹಾ ಕುಡಿಯುತ್ತಾ ಒಮ್ಮೆ ನೇರವಾಗಿಯೇ ಹೇಳಿದರು: "ಲೇ, ಊರವ್ರು ಬರ್ಲಿ ಬಿಡ್ಲಿ. ಒಂದು ಸಲ ನಿಮ್ಮಕ್ಕ ಬಂದು ನನ್ನ ಹಾಲಲ್ಲಿ ಕುಂತು ನೋಡಿದ್ರೆ ಸಾಕು. ನಾನು ಕಳ್ಳತನ ಮಾಡ್ತಾ ಇಲ್ಲ ಅಂತ ಆವಾಗ ನನಗೇ ನಂಬಿಕೆ ಬರ್ತೈತೆ." ಅವತ್ತು ಚಹಾದ ದುಡ್ಡು ನಾನೇ ಕೊಟ್ಟೆ, ಅಪರೂಪಕ್ಕೆ.

ಎರಡು ಸಾವಿರದ ಆಸುಪಾಸಿನ ಮಾತು. ಆಗ ಮನೆಮನೆಯ ಹುಡುಗರಿಗೆ ವಿಡಿಯೋ ಗೇಮಿನ ಹುಚ್ಚು. ಟೀವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆ. ಅದರಲ್ಲೊಂದು ಹಸಿರು ಟೊಪ್ಪಿಗೆಯ ಮುಂಗುಸಿ ಗುಂಡಿ ಹಾರುತ್ತಾ, ಗಂಟೆ ಹೆಕ್ಕುತ್ತಾ ಓಡುತ್ತಿತ್ತು. ಅದರ ಹಿಂದೆ ಕಬ್ಬಿಣದ ಹೊಟ್ಟೆಯ ಒಬ್ಬ ಬೋಳುತಲೆಯ ಖಳ. ಬೇಸಿಗೆ ರಜೆ ಬಂತೆಂದರೆ ಸುಟ್ಟುಹೋದ ಅಡಾಪ್ಟರುಗಳು ನನ್ನ ಅಂಗಡಿಯಲ್ಲಿ ರಾಶಿ ಬೀಳುತ್ತಿದ್ದವು. ಆ ಆಟವನ್ನೇ ಹೊರದೇಶದವರು ಸಿನಿಮಾ ಮಾಡಿದ್ದಾರೆಂದು, ಅದರ ಸೀಡಿ ಚಳ್ಳಕೆರೆಗೆ ಬಂದಿದೆಯೆಂದು ಹುಡುಗರು ಭಾವನ ಕಿವಿ ತಿಂದರು.

ಚಳ್ಳಕೆರೆಗೆ ನಾನೂ ಜೊತೆಗೆ ಹೋದೆ. ಸೀಡಿ ಅಂಗಡಿಯ ಸಾಹೇಬರು ಎದೆ ಮೇಲೆ ಕೈಯಿಟ್ಟು, "ಖುದಾ ಕಸಂ, ಪೂರಾ ಫ್ಯಾಮಿಲಿ ಪಿಚ್ಚರ್ ಐತೆ. ಗಲೀಜು ಇಲ್ಲ, ಬೈಗುಳ ಇಲ್ಲ. ಮನೆಯೋರೆಲ್ಲ ಕೂಡ್ಕೊಂಡು ನೋಡ್ಬೋದು" ಎಂದರು. ಭಾವ ಕವರನ್ನು ಹಿಂದೆ ಮುಂದೆ ತಿರುಗಿಸಿ ಎಲ್ಲೂ ಜಲಪಾತ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಒಂದು ಮೂಲೆಯಲ್ಲಿ ದೊಡ್ಡದಾಗಿ ಎರಡು ಎಂದಿತ್ತು.

"ಇದು ಎರಡನೇ ಭಾಗ. ಒಂದನೇದು?"

"ಒಂದನೇದು ಇಲ್ಲ ಭಾಯ್. ಬಳ್ಳಾರಿಯಲ್ಲೂ ಇಲ್ಲ. ಅದು ಯಾಕೆ ಬೇಕು, ಇದರಲ್ಲೇ ಮಜಾ ಐತೆ."

ಮನೆಗೆ ಬಂದು ಅಕ್ಕನ ಮುಂದೆ ಸೀಡಿ ಹಿಡಿದು ನಿಂತರು. ಅಂಗಡಿಯ ಸಾಹೇಬರಂತೆಯೇ ಎದೆ ಮೇಲೆ ಕೈ. ನಾನು ಸಾಕ್ಷಿ. ಅಕ್ಕ ರಾಗಿಹಿಟ್ಟು ಜರಡಿ ಹಿಡಿಯುತ್ತಾ ಕೇಳಿದರು: "ಎರಡನೇ ಭಾಗ ಅಂತೀರಲ್ಲ, ಹಿಂದಿನದು ಏನಾಗಿತ್ತು? ಅವನಿಗೂ ಇವನಿಗೂ ಜಗಳ ಯಾತಕ್ಕೆ? ಬುಡ ಇಲ್ದೆ ತುದಿ ನೋಡೋಕೆ ನಾವೇನು ಕೋತಿಗಳಾ?" ಬೀದಿಯ ಹೆಂಗಸರದ್ದೂ ಅದೇ ಮಾತು. ರಾತ್ರಿಯೆಲ್ಲ ಬಯಲಾಟ ನೋಡಿ ಬೆಳೆದ ಜನ. ಯಾರು ಯಾರ ಮಗ ಎಂದು ಗೊತ್ತಿಲ್ಲದೆ ಒಂದು ಪೆಟ್ಟಿಗೂ ಚಪ್ಪಾಳೆ ತಟ್ಟುವವರಲ್ಲ.

ಭಾವ ಸೀಡಿಯನ್ನು ಬದಿಗಿಟ್ಟರು. ಆಮೇಲೆ ತಲೆ ಎತ್ತಿ, "ಒಂದನೇ ಭಾಗ ನಾನು ಹೇಳ್ತೀನಿ. ಬರ್ತೀಯಾ?" ಎಂದರು.

ಜರಡಿ ನಿಂತಿತು. ಅಕ್ಕ ಗಂಡನ ಮುಖವನ್ನೇ ನೋಡಿದರು. "ನೀವು ಹೇಳಂಗಿದ್ರೆ ಬರ್ತೀನಿ" ಎಂದರು.

ಹೊರಗೆ ಬಂದ ಮೇಲೆ ನಾನು ಭಾವನಿಗೆ ಒಂದೇ ಬುದ್ಧಿ ಹೇಳಿದೆ: "ಭಾವಾ, ಮೊದಲು ಆ ಎರಡನೇ ಭಾಗ ಒಂದು ಸಲ ನೀವು ನೋಡ್ಕಳ್ರಿ. ಅದಕ್ಕೆ ಹೊಂದಂಗೆ ಕಥೆ ಕಟ್ರಿ." ಅವರು ನನ್ನನ್ನು ಕನಿಕರದಿಂದ ನೋಡಿದರು. "ಸಾರಥಿ ಆದೋನು ಮುಂಚೇನೇ ನೋಡ್ಬಿಟ್ರೆ ಪಾತ್ರ ಬಂದಾಗ ಯಾರು ನೀನು ಅಂತ ಯಾವ ಬಾಯಲ್ಲಿ ಕೇಳ್ತಾನೋ? ರಿಪೇರಿಯೋನಿಗೆ ಇದೆಲ್ಲ ತಿಳಿಯಲ್ಲ, ಸುಮ್ಕಿರು." ಹಾಳಾಗಿ ಹೋಗಲಿ ಎಂದುಕೊಂಡೆ.

ಭಾನುವಾರ ಮಧ್ಯಾಹ್ನದ ಆಟ. ಗೋಡೌನಿನ ಬಾಗಿಲಲ್ಲಿ ಮೊದಲ ಸಲ ಹೆಂಗಸರ ಚಪ್ಪಲಿ ಬಿದ್ದವು. ಎಡಕ್ಕೆ ಚಾಪೆ ಹಾಸಿ ಹೆಂಗಸರು ಮಕ್ಕಳು, ಬಲಕ್ಕೆ ಗಂಡಸರು. ಸಂತೆಗೆಂದು ಬಂದಿದ್ದ ಒಬ್ಬ ಕುರಿಗಾಹಿ ಅಜ್ಜ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅಕ್ಕ ಕೊನೆಗೆ ಬಂದರು. ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದರು. ಯಾರ ಮುಖವನ್ನೂ ನೋಡದೆ ಕಂಬಕ್ಕೆ ಒರಗಿ ಕೂತರು. ಭಾವನಿಗೆ ಮೈಕಿನ ವೈರು ಸಿಕ್ಕಿಸಿ ಕೊಟ್ಟವನು ನಾನೇ.

ಬಾಯಿ ತೆರೆದರು ನೋಡಿ! ನನ್ನ ಮೈಕು ಬೇಕಾಗಿರಲೇ ಇಲ್ಲ. "ಭಳಿರೇ ಭಳಿರೇ! ಹಸಿರು ರುಮಾಲು ಸುತ್ತಿಕೊಂಡು ಬಂದಂಥ ಉರಗವೈರಿಯೇ, ತಾವು ಧಾರು?" ಎಂದು ಈ ಕಡೆ ನಿಂತು ಕೇಳುವರು. ಛಂಗನೆ ಆ ಕಡೆ ಹಾರಿ, ಎದೆ ಉಬ್ಬಿಸಿ, ಮುಂಗುಸಿಯಾಗಿ ಉತ್ತರ ಹೇಳುವರು. ಮುಂಗುಸಿಯ ಅಪ್ಪ ಕುರಿ ಕಾಯುವವನಂತೆ. ಆ ಕಬ್ಬಿಣದ ಹೊಟ್ಟೆಯವನು ಬಂದು ಕುರಿಗಳ ಕೊರಳಿನ ಗಂಟೆಗಳನ್ನೆಲ್ಲ ಕಿತ್ತುಕೊಂಡನಂತೆ. ಗಂಟೆ ಇಲ್ಲದ ಕುರಿಗಳು ದಿಕ್ಕಾಪಾಲಾದವು. ಹುಡುಕುತ್ತಾ ಹೋದ ಅಪ್ಪನನ್ನು ಆ ಪಾಪಿ ಗುಂಡಿಗೆ ತಳ್ಳಿ ಕೊಂದ. ಅದಕ್ಕೇ ಮಗ ಅಂದಿನಿಂದ ಗುಂಡಿ ಹಾರುತ್ತಾ ಗಂಟೆ ಹೆಕ್ಕುತ್ತಾ ಹೊರಟಿದ್ದು! ವರ್ಷಗಟ್ಟಲೆ ಆ ಪೆಟ್ಟಿಗೆ ರಿಪೇರಿ ಮಾಡಿದವನು ನಾನು. ಮುಂಗುಸಿ ಯಾಕೆ ಓಡುತ್ತದೆ ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ. ಕುರಿಗಾಹಿ ಅಜ್ಜ ಕಂಬಳಿಯ ಚುಂಗಿನಿಂದ ಕಣ್ಣೊರೆಸಿಕೊಂಡ.

ಕೊನೆಯ ಕಾಳಗ ನಡೆದದ್ದು ನಮ್ಮ ಬ್ರಹ್ಮಗಿರಿಯಲ್ಲೇ. ಬಂಡೆಯ ಮೇಲಿರುವ ಆ ಹಳೇ ಅಕ್ಷರಗಳು ಬೇರೇನಲ್ಲವಂತೆ, ಮುಂಗುಸಿ ಖಳನ ಎದೆ ಬಗೆದಾಗ ಜಾರಿದ ಉಗುರಿನ ಗೀರುಗಳಂತೆ. ಅವನ್ನು ಕೆತ್ತಿಸಿದ ಅಶೋಕ ಚಕ್ರವರ್ತಿ ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದನೋ! ಖಳ ಬಿದ್ದ. ಬಿದ್ದವನು ಭಾವನೇ, ಆ ಸಿಮೆಂಟ್ ನೆಲದ ಮೇಲೆ ಧಡ್ ಎಂದು. ಒದ್ದಾಡಿ, ನೀರು ಬೇಡಿ, ತನ್ನ ತಪ್ಪು ಹೇಳಿಕೊಂಡು, ಕಾಲು ಝಾಡಿಸಿ ಸತ್ತರು. ಗೋಡೌನು ಹಾರಿಹೋಗುವಂತೆ ಚಪ್ಪಾಳೆ, ಸಿಳ್ಳೆ. ನಾನೂ ಸಿಳ್ಳೆ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು.

ಭಾವ ಧೂಳು ಕೊಡವಿಕೊಂಡು ಎದ್ದು, "ಇನ್ನು ಎರಡನೇ ಭಾಗ!" ಎಂದು ಬಟನ್ ಒತ್ತಿದರು.

ಟೀವಿಯಲ್ಲಿ ಬೆಳಗಾಯಿತು. ಒಂದು ಮನೆ. ಮನೆಯೊಳಗೆ ಪಟ್ಟೆಪಟ್ಟೆ ಚಡ್ಡಿ ಹಾಕಿಕೊಂಡು, ಕಬ್ಬಿಣದ ಹೊಟ್ಟೆ ಸವರಿಕೊಳ್ಳುತ್ತಾ, ಕಾಫಿ ಕುಡಿಯುತ್ತಾ ಕೂತಿದ್ದಾನೆ, ಈಗ ತಾನೇ ಸತ್ತ ಮಹಾಶಯ!

ಆಂಧ್ರದ ಗಡಿಯ ಕಡೆಯ ಒಬ್ಬ ಮುದುಕಿ ಎದ್ದು ನಿಂತು, "ಸಚ್ಚಿನೋಡು ಎಟ್ಲ ವಚ್ಚಿನಾಡು?" ಎಂದು ತೆಲುಗಿನಲ್ಲಿ ಗುಡುಗಿದಳು. ಸತ್ತವನು ಹೇಗೆ ಬಂದ ಎಂದು ಕನ್ನಡದಲ್ಲೂ ನಾಕು ಕಡೆಯಿಂದ ಕೂಗು ಎದ್ದಿತು. ಭಾವ ಮೈಕು ಎಳೆದುಕೊಂಡು, "ಅವನಲ್ಲ! ಅವನಲ್ಲ! ಇವನು ಅವನ ಅವಳಿ ತಮ್ಮ! ಅಣ್ಣನ ಸಾವಿಗೆ ಸೇಡು ತೀರಿಸಿಕೊಳ್ಳಲು ಕಾಫಿ ಕುಡಿದು ಶಕ್ತಿ ತುಂಬಿಕೊಳ್ತಾ ಇದಾನೆ!" ಎಂದರು. ಪರವಾಗಿಲ್ಲ ಅನ್ನಿಸಿತು. ಜನ ಕೂತರು. ನಾನು ಮನಸ್ಸಿನಲ್ಲೇ ಭಾವನಿಗೆ ಕೈ ಮುಗಿದೆ.

ಆದರೆ ಆ ಸಿನಿಮಾದವರಿಗೆ ಮಾನ ಇರಬೇಕಲ್ಲ! ಸೇಡು ಗೀಡು ಏನೂ ಇಲ್ಲ. ಮುಂಗುಸಿಯೂ ಖಳನೂ ಒಂದು ಹಿಮದ ಗುಹೆಯಲ್ಲಿ ಸಿಕ್ಕಿಕೊಂಡರು. ಚಳಿಗೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹೊರಗೆ ಬರುವಷ್ಟರಲ್ಲಿ ಗೆಳೆಯರು. ಸಾಹೇಬರು ಹೇಳಿದ್ದು ದಿಟ, ಒಂದು ಮುತ್ತಿಲ್ಲ, ಒಂದು ಬೈಗುಳ ಇಲ್ಲ, ಎಲ್ಲರೂ ಒಳ್ಳೆಯವರಾಗಿಬಿಡುವ ಸಿನಿಮಾ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ದೊಡ್ಡವರ ಮುಖ ಮಾತ್ರ ಗಂಟಾಗುತ್ತಾ ಬಂತು. ಕೊನೆಗೆ ಮುಂಗುಸಿ ತನ್ನ ಮನೆಯ ಮೇಜಿನ ಮೇಲೆ ಖಳನನ್ನು ಕೂರಿಸಿ, ತನ್ನ ಕೈಯಾರೆ ಕೇಕು ತಿನ್ನಿಸಿತು.

ಕುರಿಗಾಹಿ ಅಜ್ಜ ಎದ್ದು ನಿಂತ. ಕಂಬಳಿ ಕೊಡವಿದ.

"ಥೂ ನಿನ್ನ! ಅಪ್ಪನ್ನ ಗುಂಡಿಗೆ ತಳ್ಳಿದ ಮನೆತನ ಕಣಲೇ ಅದು! ಅವನ ಬಾಯಿಗೆ ಸಿಹಿ ಇಡ್ತೀಯಾ? ನೀನು ಒಬ್ಬ ಮಗನಾ?"

ಭಾವ ಮೈಕಿಗೆ ಬಾಯಿಟ್ಟರು. ರಾಜರಿಗೆ ರಾಕ್ಷಸರಿಗೆ ಮಾತು ಎತ್ತಿಕೊಟ್ಟ ಸಾರಥಿಗೆ ಅಲ್ಲಿ ಎತ್ತಿಕೊಡುವವರು ಯಾರಿದ್ದರು? "ಇದು... ಇದು ವಿಷ ಹಾಕಿದ ಕೇಕು" ಎಂದು ಒಂದು ಪ್ರಯತ್ನ ಮಾಡಿದರು. ಖಳ ಕೇಕು ನುಂಗಿ, ಹೊಟ್ಟೆ ತಟ್ಟಿಕೊಂಡು, ಡ್ಯಾನ್ಸು ಮಾಡತೊಡಗಿದ.

ಅಲ್ಲಿಗೆ ಮುಗಿಯಿತು. ಹೆಂಗಸರು ಮಕ್ಕಳ ರೆಟ್ಟೆ ಹಿಡಿದು ಎಬ್ಬಿಸಿದರು. "ನಡೀರೋ, ಇಂಥದ್ದನ್ನ ನೋಡಿ ಕೆಟ್ಟು ಕೆರ ಹಿಡಿದು ಹೋಗ್ತೀರ" ಎಂದು ಎಳೆದುಕೊಂಡು ಹೋದರು. ಹೋಗುತ್ತಾ ಒಬ್ಬಾಕೆ, "ಜಲಪಾತದ್ದಕ್ಕಿಂತ ಇದೇ ಹೊಲಸು" ಎಂದದ್ದು ನನಗೇ ಕೇಳಿಸಿತು. ಭಾವನಿಗೂ ಕೇಳಿಸಿರಬೇಕು. ಸ್ಟೂಲಿನ ಮೇಲೆ ಕುಸಿದು ಕೂತರು. ಅಷ್ಟು ಸಣ್ಣದಾಗಿ ಅವರು ಕೂತದ್ದನ್ನು ನಾನು ನೋಡಿರಲಿಲ್ಲ. ಕಣ್ಣಿಗೆ ನೀರು ಬಂತು, ನನಗೆ.

ಚಾಪೆಗಳು ಖಾಲಿ. ಕಂಬದ ಹತ್ತಿರ ಒಬ್ಬರು ಮಾತ್ರ ಎದ್ದಿರಲಿಲ್ಲ.

ಭಾವ ತಲೆ ಎತ್ತದೆಯೇ ಹೇಳಿದರು: "ನೀನೂ ಹೋಗು. ನಿನ್ನನ್ನ ಕರ್ಕೊಂಡು ಬಂದು ನಾಕು ಜನದ ಮುಂದೆ ಮಾನ ಕಳೆದೆ. ಒಳ್ಳೆ ಸಿನಿಮಾ ಅಂತ ತಂದಿದ್ದು ಕಣೇ, ನಿನ್ನಾಣೆ."

"ಸಿನಿಮಾ ಒಳ್ಳೇದೋ ಕೆಟ್ಟದ್ದೋ ನನಗೇನು?" ಎಂದರು ಅಕ್ಕ. "ಹೊಲಸು ಸಿನಿಮಾ ಹಾಕ್ತೀರ ಅಂತ ನಾನು ಇಷ್ಟು ವರ್ಷ ಬರ್ಲಿಲ್ಲ ಅಂದ್ಕೊಂಡ್ರಾ? ಯಾರೋ ಮಾತಾಡೋ ಪೆಟ್ಟಿಗೆ ಮುಂದೆ ನೀವು ಬಾಯಿ ಮುಚ್ಕೊಂಡು ಕುಂತಿರೋದನ್ನ ನೋಡೋಕೆ ಆಗ್ತಿರ್ಲಿಲ್ಲ ಕಣ್ರಿ ನನಗೆ."

ಭಾವ ನೋಡಿದರು. ಟೀವಿಯಲ್ಲಿ ಖಳ ಇನ್ನೂ ಕುಣಿಯುತ್ತಿದ್ದ. ಅಕ್ಕ ನನ್ನ ಕಡೆ ತಿರುಗಿ, "ತಮ್ಮಾ, ಅದನ್ನ ಆರಿಸು" ಎಂದರು. ನಾನು ಆರಿಸಿದೆ. ಅಕ್ಕ ಕಂಬ ಬಿಟ್ಟು ಎದ್ದು ಬಂದು, ಮುಂದಿನ ಚಾಪೆಯ ಮೇಲೆ, ಅಜ್ಜ ಕೂತಿದ್ದ ಜಾಗದಲ್ಲಿ ಕಾಲು ಮಡಚಿ ಕೂತರು.

"ಒಂದನೇ ಭಾಗ ಇನ್ನೊಂದು ಸಲ ಹೇಳ್ರಿ."

ಭಾವ ಎದ್ದು ನಿಂತರು. ಟವೆಲು ತೆಗೆದು ತಲೆಗೆ ಸುತ್ತಿಕೊಂಡರು. ಗಂಟಲು ಸರಿಮಾಡಿಕೊಂಡು, ಶುರು ಮಾಡುವ ಮುಂಚೆ ಒಂದು ಅನುಮಾನ ಬಂತು ಅವರಿಗೆ, ಮೆಲ್ಲಗೆ ಕೇಳಿದರು:

"ಅಲ್ವೇ, ಎರಡನೇ ಭಾಗದಲ್ಲಿ ಅವನು ಬದುಕೇ ಇದಾನಲ್ಲ. ಈ ಸಲ ಸಾಯಿಸ್ಲಾ, ಬ್ಯಾಡ್ವಾ?"

"ಎರಡನೇದು ಯಾರಿಗೆ ಬೇಕು?" ಎಂದರು ಅಕ್ಕ. "ಸಾಯಿಸ್ರಿ ನೀವು."